ಎಣ್ಣೆ ಘಟಕವೋ, ಗೋದಾಮೋ? 50 ಲಕ್ಷದ ಲೆಕ್ಕ ಎರಡು ಉತ್ತರ ಕೊಡುತ್ತಿದೆ

ತೋಟದಮನೆ (ತಿಪಟೂರು ಸೀಮೆ)

ಎಲ್ಲರಿಗೂ ನಮಸ್ಕಾರ. ಹದಿನೈದು ದಿನಗಳಿಂದ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಕುಳಿತಾಗಲೆಲ್ಲ ಒಂದೇ ಮಾತು. ಅಪ್ಪನ ನಿವೃತ್ತಿಯ ಹಣ ಮತ್ತು ತೋಟದ ಉಳಿತಾಯ ಸೇರಿ 50 ಲಕ್ಷ ರೂಪಾಯಿ ಕೈಯಲ್ಲಿದೆ. ತಮ್ಮನಿಗೆ ಕೊಬ್ಬರಿ ಎಣ್ಣೆ ಘಟಕ ಹಾಕುವ ಆಸೆ. ಅಪ್ಪನಿಗೆ ಹೆದ್ದಾರಿ ಪಕ್ಕದ ನಮ್ಮದೇ ಜಾಗದಲ್ಲಿ ಗೋದಾಮು ಕಟ್ಟಿ ಬಾಡಿಗೆಗೆ ಕೊಡುವ ಆಸೆ. ವಾಣಿಜ್ಯ ಓದಿದವಳು ನಾನೊಬ್ಬಳೇ ಆದ್ದರಿಂದ ತೀರ್ಪು ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ.

ಎಣ್ಣೆ ಘಟಕಕ್ಕೆ ಯಂತ್ರ, ಶೆಡ್ಡು, ವಿದ್ಯುತ್ ಸಂಪರ್ಕ ಎಲ್ಲ ಸೇರಿ 20 ಲಕ್ಷ. ತೆರಿಗೆ ಕಳೆದು ವರ್ಷಕ್ಕೆ 7.5 ಲಕ್ಷ ನಗದು ಉಳಿಯುತ್ತದೆ ಎಂದು ತಮ್ಮ ಹೇಳುತ್ತಾನೆ. ಯಂತ್ರದ ಆಯುಷ್ಯ 5 ವರ್ಷ ಎಂದು ಹಿಡಿದಿದ್ದೇನೆ. ಗೋದಾಮಿಗೆ ಪೂರ್ತಿ 50 ಲಕ್ಷ ಬೇಕು. ಖರ್ಚು, ತೆರಿಗೆ ಕಳೆದು ವರ್ಷಕ್ಕೆ 8.5 ಲಕ್ಷ, 15 ವರ್ಷ.

ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸುವ ವಟಾವು ದರವನ್ನು ಶೇ 12 ಎಂದು ಹಿಡಿದೆ. ಹಾಗೆ ಇಳಿಸಿದ ಒಟ್ಟು ಮೊತ್ತದಲ್ಲಿ ಹೂಡಿಕೆ ಕಳೆದು ಉಳಿಯುವ ನಿವ್ವಳ ಪ್ರಸ್ತುತ ಮೌಲ್ಯ ಎಣ್ಣೆ ಘಟಕಕ್ಕೆ 7.04 ಲಕ್ಷ, ಗೋದಾಮಿಗೆ 7.89 ಲಕ್ಷ. ಇದರಲ್ಲಿ ಅಪ್ಪ ಗೆದ್ದರು. ಆಂತರಿಕ ಪ್ರತಿಫಲ ದರ, ಅಂದರೆ ಆ ನಿವ್ವಳ ಮೌಲ್ಯ ಸೊನ್ನೆಯಾಗುವ ದರ, ನೋಡಿದರೆ ಎಣ್ಣೆ ಘಟಕಕ್ಕೆ ಶೇ 25.4, ಗೋದಾಮಿಗೆ ಶೇ 14.9. ಹಾಕಿದ ಹಣ ವಾಪಸಾಗಲು ಎಣ್ಣೆ ಘಟಕಕ್ಕೆ 2 ವರ್ಷ 8 ತಿಂಗಳು, ಗೋದಾಮಿಗೆ ಹತ್ತಿರ ಹತ್ತಿರ 5 ವರ್ಷ 11 ತಿಂಗಳು. ಇವೆರಡರಲ್ಲೂ ತಮ್ಮ ಗೆದ್ದ. ‘ಎರಡು ಲೆಕ್ಕ ನನ್ನ ಕಡೆ, ಒಂದು ನಿಮ್ಮ ಕಡೆ’ ಎಂದು ಅವನು ಹೇಳಿದಾಗ ಅಪ್ಪ ತಟ್ಟೆ ಬಿಟ್ಟು ಎದ್ದರು. ಲೆಕ್ಕಗಳ ಮತ ಎಣಿಸಿ ಗೆದ್ದವರನ್ನು ಆರಿಸಬಹುದೇ? ತಿಳಿದವರು ಹೇಳಬೇಕು.

ಹೊಸ ಓದುಗ, ಮೈಸೂರು

ಖಂಡಿತ ಎಣಿಸಬಾರದು. ನಾನು ಎಂಬಿಎ ಎರಡನೇ ವರ್ಷದಲ್ಲಿದ್ದೇನೆ. ಒಂದನ್ನು ಆರಿಸಿದರೆ ಇನ್ನೊಂದನ್ನು ಕೈಬಿಡಲೇಬೇಕಾದಾಗ ನಿವ್ವಳ ಪ್ರಸ್ತುತ ಮೌಲ್ಯವೇ ಅಂತಿಮ ಎಂದು ನಮಗೆ ಪಾಠದಲ್ಲಿ ಹೇಳಿಕೊಟ್ಟಿದ್ದಾರೆ. ಶೇಕಡಾವಾರು ಪ್ರತಿಫಲ ಎಷ್ಟೇ ದೊಡ್ಡದಿರಲಿ, ಮನೆಗೆ ಬರುವುದು ರೂಪಾಯಿ. ನೂರು ರೂಪಾಯಿಗೆ ಐವತ್ತು ಲಾಭ ಸಿಕ್ಕರೆ ಶೇ 50. ಲಕ್ಷ ರೂಪಾಯಿಗೆ ಇಪ್ಪತ್ತು ಸಾವಿರ ಸಿಕ್ಕರೆ ಶೇ 20. ಸಂಸಾರ ನಡೆಯುವುದು ಎರಡನೆಯದರಲ್ಲಿ. ಆದ್ದರಿಂದ ಗೋದಾಮು.

ಲೆಕ್ಕದ ಮೇಜು, ಹುಬ್ಬಳ್ಳಿ

ಮೈಸೂರಿನ ಗೆಳೆಯರು ಹೇಳಿದ ನಿಯಮ ಸರಿ, ತೀರ್ಮಾನ ಅವಸರದ್ದು. ಒಂದು ಯೋಜನೆ 5 ವರ್ಷದ್ದು, ಇನ್ನೊಂದು 15 ವರ್ಷದ್ದು. ಐದು ವರ್ಷ ಕಳೆದ ಮೇಲೆ ತಮ್ಮ ಹೊಸ ಯಂತ್ರ ತಂದು ಅದೇ ಕೆಲಸ ಮುಂದುವರಿಸಬಹುದಲ್ಲ? ಹಾಗಾದರೆ ಪ್ರತಿ ಯೋಜನೆಯ ಮೌಲ್ಯವನ್ನು ಅದರ ಆಯುಷ್ಯದ ಮೇಲೆ ಸಮನಾಗಿ ಹಂಚಿ, ವರ್ಷಕ್ಕೆ ಎಷ್ಟು ಬಿತ್ತು ಎಂದು ನೋಡಬೇಕು. ಎಣ್ಣೆ ಘಟಕ: 7.04 ಲಕ್ಷವನ್ನು 3.605ರಿಂದ (ಐದು ವರ್ಷ, ವರ್ಷಕ್ಕೊಂದು ರೂಪಾಯಿ ಬಂದರೆ ಶೇ 12ರಲ್ಲಿ ಅದರ ಇಂದಿನ ಮೌಲ್ಯ) ಭಾಗಿಸಿದರೆ ವರ್ಷಕ್ಕೆ 1.95 ಲಕ್ಷ. ಗೋದಾಮು: 7.89 ಲಕ್ಷವನ್ನು 6.811ರಿಂದ (ಹದಿನೈದು ವರ್ಷಕ್ಕೆ ಅದೇ ಅಂಕಿ) ಭಾಗಿಸಿದರೆ 1.16 ಲಕ್ಷ. ಈಗ ತಮ್ಮನ ಕೈ ಮೇಲಾಯಿತು, ಅದೂ ಕೇವಲ 20 ಲಕ್ಷದ ಹೂಡಿಕೆಯಲ್ಲಿ. ಇದು ಸರಿಯಾಗಬೇಕಾದರೆ ಐದು ವರ್ಷದ ನಂತರವೂ ಅದೇ ಬೆಲೆಗೆ ಯಂತ್ರ, ಅದೇ ಲಾಭ ಸಿಗಬೇಕು. ಆ ಷರತ್ತನ್ನು ಮರೆಯಬೇಡಿ.

ಎರಡು ಪ್ರಶ್ನೆಗಳಿವೆ. 7.5 ಲಕ್ಷದಲ್ಲಿ ಬ್ಯಾಂಕ್ ಬಡ್ಡಿ ಕಳೆದಿದ್ದೀರಾ? ಕಳೆದಿದ್ದರೆ ತಪ್ಪು. ಬಂಡವಾಳದ ವೆಚ್ಚ ವಟಾವು ದರದೊಳಗೇ ಕುಳಿತಿರುತ್ತದೆ, ಅದನ್ನು ಎರಡು ಸಲ ಕಳೆದಂತಾಗುತ್ತದೆ. ಸವಕಳಿಯನ್ನು, ಅಂದರೆ ಯಂತ್ರ, ಕಟ್ಟಡ ಸವೆದದ್ದಕ್ಕೆ ವರ್ಷವರ್ಷ ಬರೆಯುವ ವೆಚ್ಚವನ್ನು, ಹೇಗೆ ಹಿಡಿದಿರಿ? ಸವಕಳಿಗಾಗಿ ಯಾರಿಗೂ ಹಣ ಕೊಡುವುದಿಲ್ಲ, ಆದರೆ ಅದು ತೆರಿಗೆಯನ್ನು ಇಳಿಸುತ್ತದೆ. ಯಂತ್ರಕ್ಕೆ ಪ್ರತಿ ವರ್ಷ ಸವಕಳಿ ಕಳೆದು ಉಳಿದ ಮೌಲ್ಯದ ಮೇಲೆ ಶೇ 15, ವ್ಯಾಪಾರಕ್ಕೆ ಬಳಸುವ ಕಟ್ಟಡಕ್ಕೆ ಶೇ 10. ಯಂತ್ರವನ್ನು ಖರೀದಿಸಿದ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರ ಅರ್ಧ ಮಾತ್ರ. ಗೋದಾಮಿನ ಬಾಡಿಗೆಯನ್ನು ಮನೆ ಆಸ್ತಿಯ ಆದಾಯವೆಂದು ತೋರಿಸಿದರೆ ಸವಕಳಿ ಇಲ್ಲ, ಬದಲಿಗೆ ಶೇ 30ರ ನೇರ ಕಡಿತ ಇದೆ. ಯಾವ ಶೀರ್ಷಿಕೆಯಡಿ ಬರುತ್ತದೆ ಎಂಬುದರ ಮೇಲೆ 8.5 ಲಕ್ಷ ಹಿಗ್ಗಬಹುದು, ಕುಗ್ಗಬಹುದು.

ತೋಟದಮನೆ

ಬಡ್ಡಿ ಕಳೆದಿಲ್ಲ. ತೆರಿಗೆಯನ್ನು ಸವಕಳಿ ಹಿಡಿದೇ ಲೆಕ್ಕ ಹಾಕಿದ್ದೇನೆ. ಒಂದು ವಿಷಯ ಹೇಳಲು ಮರೆತೆ. ಗೋದಾಮಿನ ನಕ್ಷೆ ಮತ್ತು ಮಣ್ಣಿನ ಪರೀಕ್ಷೆಗೆ ಅಪ್ಪ ಈಗಾಗಲೇ 1 ಲಕ್ಷ ಖರ್ಚು ಮಾಡಿದ್ದಾರೆ. ಅದನ್ನು ಸೇರಿಸಬೇಕೇ?

ಲೆಕ್ಕದ ಮೇಜು

ಬೇಡ. ಗೋದಾಮು ಕಟ್ಟಿದರೂ ಬಿಟ್ಟರೂ ಆ ಹಣ ವಾಪಸು ಬರುವುದಿಲ್ಲ. ಅದು ಇಂದಿನ ತೀರ್ಮಾನದೊಳಗೆ ಕಾಲಿಡಬಾರದು.

ಎಣ್ಣೆ ಗಿರಣಿ, ಅರಸೀಕೆರೆ

ಇಪ್ಪತ್ತು ವರ್ಷದಿಂದ ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್ ಓಡಿಸುತ್ತಿದ್ದೇನೆ. ನಿಮ್ಮ ಲೆಕ್ಕದಲ್ಲಿ ಯಂತ್ರವಿದೆ, ಶೆಡ್ಡಿದೆ, ಕೊಬ್ಬರಿ ಮಾತ್ರ ಎಲ್ಲೂ ಇಲ್ಲ. ಕೊಬ್ಬರಿ ಇಲ್ಲದೆ ಎಣ್ಣೆ ಎಲ್ಲಿಂದ ಬರಬೇಕು, ತಂಗಿ?

ಗಿರಣಿ ನಿಲ್ಲದೆ ಓಡಬೇಕಾದರೆ ಕಡಿಮೆ ಎಂದರೂ ಒಂದು ತಿಂಗಳ ಸರಕು ಯಾವಾಗಲೂ ಕೈಯಲ್ಲಿರಬೇಕು. ತಿಂಗಳಿಗೆ 50 ಕ್ವಿಂಟಲ್ ಎಂದು ಹಿಡಿಯಿರಿ. ಹೀಗೆ ಒಳಗೆ ಕುಳಿತ ಹಣ ಗಿರಣಿ ಮುಚ್ಚುವ ದಿನದವರೆಗೆ ಆಚೆ ಬರುವುದಿಲ್ಲ. ಅಂಗಡಿಯವರಿಗೆ ಕೊಡುವ ತಿಂಗಳ ಉದ್ದರಿ ಬೇರೆ. ಎಣ್ಣೆ ಹೋದ ದಿನ ಹಣ ಬರುವುದಿಲ್ಲ, ಕೊಬ್ಬರಿ ಬಂದ ದಿನ ಮಾತ್ರ ಹಣ ಕೊಡಲೇಬೇಕು. ನಮ್ಮ ಕಡೆಯ ರೈತರು ಎಷ್ಟು ದಿನ ಕಾಯುತ್ತಾರೆ ಎಂದು ನೋಡಿ. ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕೈಯಲ್ಲಿ ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೆ ಹತ್ತು ಹನ್ನೊಂದು ತಿಂಗಳು ಇಡುತ್ತಾರೆ. ಅಷ್ಟು ಕಾದು ಉಂಡೆ ಕೊಬ್ಬರಿ ಮಾಡಿದವರು ಹಣಕ್ಕಾಗಿ ಇನ್ನೊಂದು ತಿಂಗಳು ಕಾಯಲು ಒಪ್ಪುವುದಿಲ್ಲ. ಎಣ್ಣೆಗೆ ಹೋಗುವ ಕೊಬ್ಬರಿಯ ಮಾರಾಟದಲ್ಲೂ ಅದೇ ಸ್ವಭಾವ: ತೂಕವಾಯಿತೇ, ಹಣ ಎಣಿಸಿ.

ಬೆಲೆಯ ಮಾತು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ, ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. 2025ರಲ್ಲಿ ಬೆಂಬಲ ಬೆಲೆ ಉಂಡೆಗೆ 12,100, ಎಣ್ಣೆ ಕೊಬ್ಬರಿಗೆ 11,582. ಮಾರುಕಟ್ಟೆ ಮಾತ್ರ ಅದರ ಎರಡು ಪಟ್ಟು ದಾಟಿ ಹೋಯಿತು. ಎರಡೇ ವರ್ಷದ ಅಂತರ. ಅಂಥ ಏರಿಳಿತದಲ್ಲಿ ಒಂದು ತಿಂಗಳ ಸರಕಿಗೆ 6 ಲಕ್ಷ ಬೇಕಾದ ಕಡೆ 12 ಲಕ್ಷ ಬೇಕಾಗುತ್ತದೆ.

ತೋಟದಮನೆ

ಓದಿ ಸ್ವಲ್ಪ ಹೊತ್ತು ಕೈ ಓಡಲಿಲ್ಲ. ಈಗ ಮತ್ತೆ ಲೆಕ್ಕ ಹಾಕಿದ್ದೇನೆ. ಸರಕಿನಲ್ಲಿ ಕುಳಿತ ಈ ಹಣ, ಅಂದರೆ ದುಡಿಯುವ ಬಂಡವಾಳ, 6 ಲಕ್ಷ ಮೊದಲ ದಿನ ಹೋಗಿ ಐದನೇ ವರ್ಷದ ಕೊನೆಗೆ ವಾಪಸು ಬರುತ್ತದೆ ಎಂದಿಟ್ಟರೆ ನಿವ್ವಳ ಪ್ರಸ್ತುತ ಮೌಲ್ಯ 7.04ರಿಂದ 4.44 ಲಕ್ಷಕ್ಕೆ ಇಳಿಯುತ್ತದೆ. ಆಂತರಿಕ ಪ್ರತಿಫಲ ಶೇ 25.4ರಿಂದ ಶೇ 18ಕ್ಕೆ ಇಳಿಯುತ್ತದೆ. 12 ಲಕ್ಷ ಬೇಕಾದರೆ ಮೌಲ್ಯ 1.85 ಲಕ್ಷ, ಪ್ರತಿಫಲ ಶೇ 14. ಹಣ ಪೂರ್ತಿ ವಾಪಸು ಬಂದರೂ ಇಷ್ಟು ನಷ್ಟ! ತಮ್ಮನಿಗೆ ತೋರಿಸಿದೆ. ‘ಹಣ ಎಲ್ಲೂ ಹೋಗುವುದಿಲ್ಲವಲ್ಲ, ಸರಕಿನ ರೂಪದಲ್ಲಿ ಇರುತ್ತದಲ್ಲ’ ಎಂದ.

ಎಣ್ಣೆ ಗಿರಣಿ

ಇರುತ್ತದೆ, ಆದರೆ ದುಡಿಯುವುದಿಲ್ಲ. ಐದು ವರ್ಷ ಬೇರೆಲ್ಲೂ ಬಡ್ಡಿ ತರದೆ ಮೂಟೆಯೊಳಗೆ ಮಲಗಿರುತ್ತದೆ. ಅದರ ಬಾಡಿಗೆಯನ್ನು ನೀವು ಕೊಡುತ್ತಿದ್ದೀರಿ ಎಂದು ಅವನಿಗೆ ಹೇಳಿ.

ಇನ್ನೊಂದು. ಕೊಬ್ಬರಿಯಿಂದ ಸುಮಾರು ಶೇ 60ರಿಂದ 65ರಷ್ಟು ಎಣ್ಣೆ ಬರುತ್ತದೆ, ಉಳಿದದ್ದರಲ್ಲಿ ಬಹುಪಾಲು ಹಿಂಡಿ. ತೇವ ಹೆಚ್ಚಿದ್ದರೆ ಎಣ್ಣೆಯೂ ಕಡಿಮೆ, ಇಟ್ಟರೆ ಕೌಟು ವಾಸನೆ ಬೇರೆ. ತಮ್ಮನ 7.5 ಲಕ್ಷವನ್ನು ವರ್ಷದ 600 ಕ್ವಿಂಟಲ್‌ಗೆ ಹಂಚಿ ನೋಡಿ, ಕ್ವಿಂಟಲ್‌ಗೆ 1,250 ರೂಪಾಯಿ. ಅದು ಎಷ್ಟರವರೆಗೆ ಇಳಿದರೆ ನಿಮ್ಮ ಗಿರಣಿ ನಷ್ಟಕ್ಕೆ ಬೀಳುತ್ತದೆ ಎಂದು ಲೆಕ್ಕ ಹಾಕಿ ಹೇಳಿ. ನಮಗೆ ಗಾಣದ ಮುಂದೆ ನಿಂತವರಿಗೆ ಆ ಒಂದು ಅಂಕಿ ಸಾಕು.

ಕೋಷ್ಟಕ, ಸಿಂಗಪುರ

ಆ ಅಂಕಿಯನ್ನು ನಾನು ಹಾಕಿಕೊಡುತ್ತೇನೆ, ಇದೇ ನನ್ನ ಉದ್ಯೋಗ. ದುಡಿಯುವ ಬಂಡವಾಳ 6 ಲಕ್ಷ ಸೇರಿಸಿ, ಶೇ 12ರಲ್ಲಿ ನಿವ್ವಳ ಮೌಲ್ಯ ಸೊನ್ನೆಯಾಗಬೇಕಾದರೆ ವರ್ಷಕ್ಕೆ ಸುಮಾರು 6.27 ಲಕ್ಷ ನಗದು ಬರಬೇಕು. ಅಂದರೆ ಕ್ವಿಂಟಲ್‌ಗೆ 1,045 ರೂಪಾಯಿ. ನಿಮಗೆ ಇರುವ ಅವಕಾಶ 205 ರೂಪಾಯಿ ಮಾತ್ರ. ಹನ್ನೆರಡು ಸಾವಿರದ ಸರಕಿನಲ್ಲಿ 205 ರೂಪಾಯಿ ಎಂದರೆ ಶೇ 2ಕ್ಕೂ ಕಡಿಮೆ. ಒಂದು ಬೆಳಗಿನ ಹರಾಜಿನಲ್ಲಿ ಅದಕ್ಕಿಂತ ಹೆಚ್ಚು ಏರಿಳಿತ ಆಗುವುದಿಲ್ಲವೇ, ಗಿರಣಿಯವರೇ?

ಇನ್ನು ನಾನು ಹೇಳಬೇಕೆಂದಿದ್ದ ಮುಖ್ಯ ಮಾತು. ಎಲ್ಲರೂ ಶೇ 12 ಎಂಬುದನ್ನು ಕಲ್ಲಿನ ಮೇಲೆ ಕೆತ್ತಿದಂತೆ ಒಪ್ಪಿಕೊಂಡಿದ್ದಾರೆ. ಅದು ಎಲ್ಲಿಂದ ಬಂತು? ದುಡಿಯುವ ಬಂಡವಾಳವನ್ನು ಸದ್ಯಕ್ಕೆ ಬದಿಗಿಟ್ಟು, ಮೂಲ ಅಂಕಿಗಳನ್ನೇ ಬೇರೆ ಬೇರೆ ದರದಲ್ಲಿ ನೋಡಿ. ಶೇ 8ರಲ್ಲಿ ಎಣ್ಣೆ ಘಟಕ 9.95 ಲಕ್ಷ, ಗೋದಾಮು 22.76 ಲಕ್ಷ. ಶೇ 16ರಲ್ಲಿ ಎಣ್ಣೆ ಘಟಕ 4.56 ಲಕ್ಷ, ಗೋದಾಮು 2.61 ಲಕ್ಷ ನಷ್ಟ. ಎರಡೂ ಸಮನಾಗುವುದು ಸುಮಾರು ಶೇ 12.4ರಲ್ಲಿ. ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ ಹೆಸರಿನಲ್ಲಿ ಇದನ್ನು ಫಿಶರ್ ದರ ಎಂದು ಕರೆಯುತ್ತಾರೆ. ನೀವು ಆರಿಸಿದ ಶೇ 12 ಆ ಗಡಿಯ ಬೇಲಿಯ ಮೇಲೆಯೇ ಕುಳಿತಿದೆ. ಅರ್ಧ ಶೇಕಡಾ ಆಚೆ ಸರಿದರೆ ತಮ್ಮ, ಈಚೆ ಉಳಿದರೆ ಅಪ್ಪ. ನಿಮ್ಮ ಮನೆಯ ಜಗಳಕ್ಕೆ ಕಾರಣ ಇಬ್ಬರ ಹಟವಲ್ಲ, ಈ ಅರ್ಧ ಶೇಕಡಾ.

ಲಾಭದ ಮೂಲವೇ ದೂರದ ವರ್ಷಗಳಲ್ಲಿರುವ ಯೋಜನೆಯನ್ನು ದರ ಹೆಚ್ಚು ಕಡಿಯುತ್ತದೆ. ಗೋದಾಮಿನ ಹತ್ತನೇ ವರ್ಷದ ಒಂದು ರೂಪಾಯಿ ಶೇ 12ರಲ್ಲಿ ಇಂದಿಗೆ 32 ಪೈಸೆ, ಶೇ 8ರಲ್ಲಿ 46 ಪೈಸೆ. ಆದ್ದರಿಂದ ಮೊದಲು ದರ, ಆಮೇಲೆ ಶ್ರೇಯಾಂಕ.

ನಿವೃತ್ತ ಸಾಲ ಅಧಿಕಾರಿ, ಶಿವಮೊಗ್ಗ

ಕೋಷ್ಟಕದವರ ಮಾತು ನೂರಕ್ಕೆ ನೂರು ಸರಿ. ಮೂವತ್ತು ವರ್ಷ ಯೋಜನಾ ವರದಿಗಳನ್ನು ಓದಿದ್ದೇನೆ. ಬಹುತೇಕ ವರದಿಗಳಲ್ಲಿ ದರವನ್ನು ಕೊನೆಯಲ್ಲಿ ಆರಿಸಿರುತ್ತಾರೆ, ಬೇಕಾದ ಉತ್ತರ ಬರುವಂತೆ. ಇದನ್ನು ನೋಡಿ ನೋಡಿ ಬೇಸರವಾಗಿದೆ.

ಎರಡೂ ಯೋಜನೆಗಳಿಗೆ ಒಂದೇ ದರ ಹಾಕುವುದೂ ತಪ್ಪು. ಸರ್ಕಾರಿ ಸಂಸ್ಥೆ ಅಥವಾ ದೊಡ್ಡ ಕಂಪನಿ ಹಲವು ವರ್ಷದ ಕರಾರು ಮಾಡಿಕೊಂಡ ಗೋದಾಮಿನ ಬಾಡಿಗೆ ಮತ್ತು ದಿನದಿನಕ್ಕೆ ಬೆಲೆ ಬದಲಾಗುವ ಎಣ್ಣೆ ಒಂದೇ ತಕ್ಕಡಿಯ ಅಪಾಯವಲ್ಲ. ನನ್ನ ಕೈಯಲ್ಲಾದರೆ ಗೋದಾಮಿಗೆ ಶೇ 11, ಎಣ್ಣೆಗೆ ಶೇ 15 ಹಾಕುತ್ತಿದ್ದೆ. ಕರಾರು ಇಲ್ಲದ ಗೋದಾಮಿಗೆ ಶೇ 11 ಸಿಗುವುದಿಲ್ಲ, ಅದನ್ನು ನೆನಪಿಡಿ.

ಸಹಾಯಧನದ ಮಾತು ಬರುತ್ತದೆ ಎಂದು ಗೊತ್ತು, ಮೊದಲೇ ಹೇಳಿಬಿಡುತ್ತೇನೆ. ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆ 2020ರಲ್ಲಿ ಬಂತು, ಅದರಲ್ಲಿ ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ. ನಿಮ್ಮ 20 ಲಕ್ಷಕ್ಕೆ 7 ಲಕ್ಷ ಆಗಬಹುದು. ಆದರೆ ಅದು ಸಾಲಕ್ಕೆ ಕಟ್ಟಿದ ಸಹಾಯ. ಮೂರು ವರ್ಷ ಸಾಲ ಸರಿಯಾಗಿ ನಡೆದು, ಘಟಕ ಓಡುತ್ತಿದ್ದರೆ ಮಾತ್ರ ಸಾಲದ ಖಾತೆಗೆ ಹೊಂದಿಸುತ್ತಾರೆ. ಮೂರು ವರ್ಷದ ಆಚೆಯ 7 ಲಕ್ಷ ಶೇ 12ರಲ್ಲಿ ಇಂದಿಗೆ 5 ಲಕ್ಷಕ್ಕೂ ಒಂದಿಷ್ಟು ಕಡಿಮೆ. ಗೋದಾಮಿಗೆ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ, ಏಳು ವರ್ಷದವರೆಗೆ. ಅರ್ಜಿ ಹಾಕುವ ದಿನ ಯಾವುದು ಜಾರಿಯಲ್ಲಿದೆ ಎಂದು ವಿಚಾರಿಸಿಕೊಳ್ಳಿ. ನನ್ನ ಕಳಕಳಿಯ ಮನವಿ ಇಷ್ಟೇ: ಮೊದಲು ಸಹಾಯಧನ ಇಲ್ಲದೆ ಶ್ರೇಯಾಂಕ ಕೊಡಿ. ಸಹಾಯಧನ ಕೊಟ್ಟರೆ ಮಾತ್ರ ನಿಲ್ಲುವ ಘಟಕ, ಸಹಾಯಧನ ಮುಗಿದ ಮೇಲೆ ಮಲಗುವುದನ್ನು ಕಣ್ಣಾರೆ ನೋಡಿದ್ದೇನೆ. ಬೀಗ ಜಡಿದ ಶೆಡ್ಡಿನ ಮುಂದೆ ಸಾಲ ವಸೂಲಿಗೆ ಹೋಗಿ ನಿಲ್ಲುವುದು ಯಾರಿಗೂ ಬೇಡ.

ಮಂಡಿ ರಸ್ತೆ, ದಾವಣಗೆರೆ

ಗೋದಾಮಿನ ಕಡೆಯಿಂದ ಯಾರೂ ಮಾತಾಡಲಿಲ್ಲ, ಆದ್ದರಿಂದ ನಾನು. ನನ್ನದು ಎರಡು ಗೋದಾಮು, ಮೆಕ್ಕೆಜೋಳ ಇಡುತ್ತಾರೆ.

ಜಾಗ ನಮ್ಮದೇ ಎಂದು ನೀವು ಅದಕ್ಕೆ ಬೆಲೆ ಕಟ್ಟಿಲ್ಲ. ಹೆದ್ದಾರಿ ಪಕ್ಕದ ಜಾಗವನ್ನು ಖಾಲಿಯಾಗಿಯೇ ಗುತ್ತಿಗೆ ಕೊಟ್ಟರೆ ವರ್ಷಕ್ಕೆ 60 ಸಾವಿರವಾದರೂ ಬರುವುದಿಲ್ಲವೇ? ಗೋದಾಮು ಕಟ್ಟಿದರೆ ಅದು ತಪ್ಪಿತು. ತಪ್ಪಿದ್ದನ್ನು ವೆಚ್ಚ ಎಂದೇ ಬರೆಯಬೇಕು. ಶೇ 12ರಲ್ಲಿ ಅದಕ್ಕೇ 4 ಲಕ್ಷ ಹೋಗುತ್ತದೆ.

ಖಾಲಿ ಬೀಳುವುದು ಇನ್ನೂ ದೊಡ್ಡದು. ಕಟ್ಟಿದ ಮರುದಿನವೇ ಬಾಡಿಗೆದಾರ ಬರುವುದಿಲ್ಲ. ನನ್ನ ಎರಡನೇ ಗೋದಾಮು ಹದಿಮೂರು ತಿಂಗಳು ಖಾಲಿ ಇತ್ತು. ದಿನಾ ಸಂಜೆ ಹೋಗಿ ಕದ ತೆಗೆದು ನೋಡುತ್ತಿದ್ದೆ. ಸಿಮೆಂಟ್ ವಾಸನೆಯೂ ಹೋಗಿರಲಿಲ್ಲ, ಒಂದು ಮೂಟೆಯೂ ಬಂದಿರಲಿಲ್ಲ, ನನ್ನ ಕೆಮ್ಮೇ ನನಗೆ ತಿರುಗಿ ಕೇಳಿಸುತ್ತಿತ್ತು. ನಿಮ್ಮ ಲೆಕ್ಕದಲ್ಲಿ ಮೊದಲ ವರ್ಷದ ಬಾಡಿಗೆಯನ್ನು ಹೊಡೆದುಹಾಕಿ ನೋಡಿ.

ಕೋಷ್ಟಕ

ನೋಡಿದೆ. ಮೊದಲ ವರ್ಷ ಖಾಲಿ ಬಿದ್ದರೆ 7.59 ಲಕ್ಷ ಹೋಗುತ್ತದೆ. 7.89ರಲ್ಲಿ ಉಳಿಯುವುದು 30 ಸಾವಿರ. ಹದಿನೈದು ವರ್ಷದ ಯೋಜನೆಯ ಲಾಭವೆಲ್ಲ ಒಂದು ವರ್ಷದ ಖಾಲಿತನಕ್ಕೆ ಸಮ.

ನ್ಯಾಯಕ್ಕಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. 8.5 ಲಕ್ಷ ಬಾಡಿಗೆ ಹದಿನೈದು ವರ್ಷವೂ ಅಷ್ಟೇ ಇರುತ್ತದೆ ಎಂದು ಹಿಡಿದಿದ್ದೀರಿ, ಆದರೆ ಶೇ 12ರ ದರದಲ್ಲಿ ಬೆಲೆ ಏರಿಕೆಯ ಅಂಶ ಸೇರಿದೆ. ಒಂದು ಕಡೆ ಹಣದುಬ್ಬರ ಇಟ್ಟು, ಇನ್ನೊಂದು ಕಡೆ ತೆಗೆದರೆ ತಕ್ಕಡಿ ಓರೆಯಾಗುತ್ತದೆ. ಮೂರು ವರ್ಷಕ್ಕೊಮ್ಮೆ ಬಾಡಿಗೆ ಶೇ 10 ಏರುತ್ತದೆ ಎಂಬ ಒಂದು ಸಾಲು ಕರಾರಿನಲ್ಲಿ ಇದ್ದರೆ ನಿವ್ವಳ ಮೌಲ್ಯ 7.89ರಿಂದ 16.4 ಲಕ್ಷಕ್ಕೆ ಏರುತ್ತದೆ. ಅಪ್ಪನವರು ಜಗಳ ಆಡಬೇಕಾದ್ದು ಮಗನ ಜೊತೆ ಅಲ್ಲ, ಬಾಡಿಗೆದಾರರ ಜೊತೆ, ಆ ಒಂದು ಸಾಲಿಗಾಗಿ.

ಹೊಸ ಓದುಗ

ಒಂದು ಅನುಮಾನ. ಎಕ್ಸೆಲ್‌ನಲ್ಲಿ ನಾನು ಎಣ್ಣೆ ಘಟಕಕ್ಕೆ ಎನ್‌ಪಿವಿ (ನಿವ್ವಳ ಪ್ರಸ್ತುತ ಮೌಲ್ಯ) ಸೂತ್ರ ಹಾಕಿದರೆ 7.04 ಬರುತ್ತಿಲ್ಲ, 6.28 ಬರುತ್ತಿದೆ. ನಿಮ್ಮ ಲೆಕ್ಕ ತಪ್ಪೇ, ನನ್ನದೇ?

ಕೋಷ್ಟಕ

ಮೊದಲ ದಿನದ 20 ಲಕ್ಷವನ್ನೂ ಸೂತ್ರದ ಆವರಣದೊಳಗೆ ಹಾಕಿದ್ದೀರಿ. ಆ ಸೂತ್ರ ತನ್ನೊಳಗಿನ ಮೊದಲ ಅಂಕಿ ಒಂದು ವರ್ಷದ ಕೊನೆಗೆ ಬರುತ್ತದೆ ಎಂದೇ ತಿಳಿಯುತ್ತದೆ. ಹಾಗಾಗಿ ಎಲ್ಲವೂ ಒಂದು ವರ್ಷ ಹಿಂದೆ ಸರಿದು 1.12ರಿಂದ ಭಾಗವಾಗಿದೆ. ಐದು ವರ್ಷದ ಒಳಹರಿವನ್ನು ಮಾತ್ರ ಒಳಗಿಟ್ಟು, 20 ಲಕ್ಷವನ್ನು ಹೊರಗೆ ಕಳೆಯಿರಿ. ದೊಡ್ಡ ಕಚೇರಿಗಳಲ್ಲೂ ಈ ತಪ್ಪನ್ನು ನೋಡಿದ್ದೇನೆ, ಸಂಕೋಚ ಬೇಡ.

ಎತ್ತಿನ ಗಾಡಿ, ಬೆಂಗಳೂರು

ಐಆರ್‌ಆರ್, ಅಂದರೆ ಆಂತರಿಕ ಪ್ರತಿಫಲ ದರದ ಮೇಲೆ ಇನ್ನೊಂದು ಎಚ್ಚರಿಕೆ. ನಾವು ಕಲ್ಲು ಗಣಿಯ ಯೋಜನೆ ನೋಡುವಾಗ ಕೊನೆಗೆ ಗುಂಡಿ ಮುಚ್ಚುವ ಖರ್ಚು ಇರುತ್ತದೆ. ಮೊದಲು ಹಣ ಹೋಗಿ, ನಡುವೆ ಬಂದು, ಕೊನೆಗೆ ಮತ್ತೆ ಹೋದರೆ ಎರಡು ಐಆರ್‌ಆರ್ ಸಿಗಬಹುದು. 100 ಹೂಡಿ, ಮೊದಲ ವರ್ಷ 230 ಪಡೆದು, ಎರಡನೇ ವರ್ಷ 132 ಕೊಡಬೇಕು ಎಂದುಕೊಳ್ಳಿ. ನಿವ್ವಳ ಮೌಲ್ಯ ಶೇ 10ರಲ್ಲೂ ಸೊನ್ನೆ, ಶೇ 20ರಲ್ಲೂ ಸೊನ್ನೆ. ಶೇ 15ರಲ್ಲಿ ಕೂದಲೆಳೆಯಷ್ಟು ಲಾಭ, ಶೇ 5ರಲ್ಲಿ ನಷ್ಟ. ಅಂಥ ಕಡೆ ಐಆರ್‌ಆರ್ ಏನನ್ನೂ ಹೇಳುವುದಿಲ್ಲ.

ನಮ್ಮ ಮೆಟ್ರೊ ಬಗ್ಗೆಯೂ ಒಂದು ಮಾತು. 2017ರ ಮೆಟ್ರೊ ರೈಲು ನೀತಿಯಲ್ಲಿ ಕೇಂದ್ರ ಸರ್ಕಾರ ಅಳತೆಗೋಲನ್ನೇ ಬದಲಿಸಿತು. ಮೊದಲು ಟಿಕೆಟ್ ಹಣದಂಥ ಆದಾಯದ ಮೇಲಿನ ಪ್ರತಿಫಲ ಶೇ 8 ಬೇಕಿತ್ತು. ಈಗ ಉಳಿಯುವ ಸಮಯ, ಇಂಧನದಂಥ ಸಮಾಜದ ಲಾಭವನ್ನೆಲ್ಲ ಸೇರಿಸಿ ಶೇ 14 ಬೇಕು. ಯಾವ ಲಾಭವನ್ನು ಲೆಕ್ಕಕ್ಕೆ ಹಿಡಿಯುತ್ತೀರಿ ಎಂಬುದರ ಮೇಲೆ ಯೋಜನೆಗಳ ಸಾಲು ಬದಲಾಗುತ್ತದೆ.

ತೋಟದಮನೆ

ತಮ್ಮ ಈಗ ಹೊಸದೊಂದನ್ನು ತಂದಿದ್ದಾನೆ. ಎಣ್ಣೆ ಘಟಕದ ಮೇಲ್ಛಾವಣಿಗೆ 8 ಲಕ್ಷದ ಸೌರ ಫಲಕ, ವರ್ಷಕ್ಕೆ 1.6 ಲಕ್ಷ ವಿದ್ಯುತ್ ಉಳಿತಾಯ, 20 ವರ್ಷ. ನಿವ್ವಳ ಮೌಲ್ಯ 3.95 ಲಕ್ಷ. ಹೂಡಿದ ಪ್ರತಿ ರೂಪಾಯಿಗೆ 1.49 ಬರುತ್ತದೆ, ಇದೇ ಎಲ್ಲಕ್ಕಿಂತ ಮೇಲು. ಎಣ್ಣೆ (ದುಡಿಯುವ ಬಂಡವಾಳ ಸೇರಿ 26 ಲಕ್ಷ) ಮತ್ತು ಸೌರ ಸೇರಿದರೆ 34 ಲಕ್ಷದಲ್ಲಿ 8.39 ಲಕ್ಷ ಮೌಲ್ಯ, ಗೋದಾಮನ್ನೂ ದಾಟಿತು ಎನ್ನುತ್ತಿದ್ದಾನೆ. ಬಂಡವಾಳ ಮಿತವಾಗಿದ್ದಾಗ ಹೀಗೆ ಜೋಡಿಸಿ ನೋಡಬೇಕು ಎಂದು ನಾನೇ ಅವನಿಗೆ ಕಲಿಸಿದ್ದೆ.

ಲೆಕ್ಕದ ಮೇಜು

ಜೋಡಿಸುವ ಕ್ರಮ ಸರಿ. ಆದರೆ ಸೌರ ಫಲಕ ತನ್ನ ಕಾಲ ಮೇಲೆ ನಿಂತ ಯೋಜನೆಯಲ್ಲ. ಗಿರಣಿ ಓಡಿದರೆ ಮಾತ್ರ ವಿದ್ಯುತ್ ಉಳಿತಾಯ. ಗಿರಣಿಗೆ ಐದು ವರ್ಷ, ಫಲಕಕ್ಕೆ ಇಪ್ಪತ್ತು ವರ್ಷ ಎಂದು ಬರೆದರೆ ಆರನೇ ವರ್ಷದಿಂದ ಯಾರ ವಿದ್ಯುತ್ ಉಳಿಯುತ್ತದೆ? ಐದೇ ವರ್ಷ ಹಿಡಿದರೆ 1.6 ಲಕ್ಷಕ್ಕೆ ಇಂದಿನ ಮೌಲ್ಯ 5.77 ಲಕ್ಷ. ಹಾಕಿದ್ದು 8 ಲಕ್ಷ. ಸೌರ ಉಪಕರಣಕ್ಕೆ ಶೇ 40ರ ಸವಕಳಿ ಸಿಗುತ್ತದೆ, ಹಳೆಯ ಫಲಕಕ್ಕೂ ಒಂದಿಷ್ಟು ಬೆಲೆ ಬರುತ್ತದೆ. ಆದರೂ ಈಗ ಬೇಡ. ಗಿರಣಿ ಎರಡು ಹಂಗಾಮು ಓಡಲಿ, ಚಾವಣಿ ಎಲ್ಲೂ ಹೋಗುವುದಿಲ್ಲ.

ತೋಟದಮನೆ

ನಿನ್ನೆ ರಾತ್ರಿ ಮೂವರೂ ಕುಳಿತು ಒಂದೇ ಹಾಳೆಯ ಮೇಲೆ ಬರೆದೆವು. ಶಿವಮೊಗ್ಗದವರು ಹೇಳಿದ ದರಗಳು. ಎಣ್ಣೆಗೆ ಶೇ 15, ದುಡಿಯುವ ಬಂಡವಾಳ 6 ಲಕ್ಷ. ಗೋದಾಮಿಗೆ ಶೇ 11, ಜಾಗದ ಗುತ್ತಿಗೆ 60 ಸಾವಿರ ಕಳೆದು, ಮೊದಲ ಆರು ತಿಂಗಳು ಖಾಲಿ, ಬಾಡಿಗೆ ಏರಿಕೆ ಇಲ್ಲ. ಎಣ್ಣೆ 2.12 ಲಕ್ಷ, ಗೋದಾಮು 2.98 ಲಕ್ಷ. ವರ್ಷಕ್ಕೆ ಹಂಚಿದರೆ ಎಣ್ಣೆ 63 ಸಾವಿರ, ಗೋದಾಮು 41 ಸಾವಿರ.

ಇನ್ನೂ ಎರಡು ಉತ್ತರವೇ. ಆದರೆ ಮೊದಲಿನ ಏಳು, ಎಂಟು ಲಕ್ಷ ಎಲ್ಲಿ, ಇದೆಲ್ಲಿ. ಅಪ್ಪ ಹಾಳೆಯನ್ನು ದೀಪದ ಹತ್ತಿರ ಹಿಡಿದು ಎರಡು ಸಲ ಓದಿದರು. ‘ಇಷ್ಟಕ್ಕೆ ನಾವು ಮಾತು ಬಿಟ್ಟಿದ್ದೆವೇ’ ಎಂದರು. ತಮ್ಮ ಏನೂ ಹೇಳದೆ ಅವರಿಗೆ ನೀರು ತಂದುಕೊಟ್ಟ. ನನಗೆ ಅಷ್ಟು ಸಾಕಾಗಿತ್ತು, ಆದರೆ ತೀರ್ಮಾನ ಇನ್ನೂ ಆಗಿಲ್ಲ.

ಎಣ್ಣೆ ಗಿರಣಿ

ತಂಗಿ, ಒಂದು ದಾರಿ ಹೇಳುತ್ತೇನೆ. ಯಂತ್ರ ಕೊಳ್ಳುವ ಮೊದಲು ತಮ್ಮ ಒಂದು ಹಂಗಾಮು ಕೂಲಿಯ ಮೇಲೆ ಎಣ್ಣೆ ತೆಗೆಸಲಿ. ನಮ್ಮ ಕಡೆ ವಾರದಲ್ಲಿ ಎರಡು ದಿನ ಖಾಲಿ ನಿಲ್ಲುವ ಗಿರಣಿಗಳು ಬೇಕಾದಷ್ಟಿವೆ. ಕೊಬ್ಬರಿ ಅವನದು, ಕ್ವಿಂಟಲ್‌ಗೆ ಇಷ್ಟು ಎಂದು ಅರೆಯುವ ಕೂಲಿ ಕೊಟ್ಟರಾಯಿತು. ಲಾಭ ಕಡಿಮೆ, ಆದರೆ 20 ಲಕ್ಷ ಮನೆಯಲ್ಲೇ ಇರುತ್ತದೆ. ಕೊಬ್ಬರಿ ಆರಿಸುವುದು, ಒಣಗಿಸುವುದು, ಅಂಗಡಿಯವರಿಂದ ಬಾಕಿ ವಸೂಲು ಮಾಡುವುದು, ಈ ಮೂರನ್ನು ಕಲಿಯುತ್ತಾನೆ. ಕ್ವಿಂಟಲ್‌ಗೆ 1,250 ಸಿಗುತ್ತದೆಯೋ 900 ಸಿಗುತ್ತದೆಯೋ ಅವನ ಕೈಯೇ ಹೇಳುತ್ತದೆ.

ಕೋಷ್ಟಕ

ನಾನು ಇಷ್ಟು ಹೊತ್ತು ಹಾಕಿದ ಲೆಕ್ಕಕ್ಕಿಂತ ಇದು ಮೇಲು, ಮನಸಾರೆ ಹೇಳುತ್ತಿದ್ದೇನೆ. ನಾವೆಲ್ಲ ‘ಈಗಲೇ ಅಥವಾ ಎಂದೂ ಇಲ್ಲ’ ಎಂದು ತಿಳಿದು ಎರಡನ್ನು ಹೋಲಿಸಿದೆವು. ಒಂದು ವರ್ಷ ಕಾದು ತಿಳಿದುಕೊಳ್ಳುವ ಹಕ್ಕಿಗೂ ಬೆಲೆಯಿದೆ. ಒಳಹರಿವಿನ ಅಂಕಿ 205 ರೂಪಾಯಿಯ ಅಂಚಿನಲ್ಲಿ ಓಲಾಡುವಾಗ ಆ ಹಕ್ಕಿನ ಬೆಲೆ ಹೆಚ್ಚು.

ಮಂಡಿ ರಸ್ತೆ

ಗೋದಾಮಿಗೂ ಅದೇ ಮಾತು. ಅಡಿಪಾಯ ತೋಡುವ ಮೊದಲು ಬಾಡಿಗೆದಾರರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಎಷ್ಟು ಅಡಿ, ಎಷ್ಟು ಬಾಡಿಗೆ, ಎಷ್ಟು ವರ್ಷ, ಏರಿಕೆ ಎಷ್ಟು, ಎಲ್ಲವೂ ಇರಲಿ. ಬಾಯಿ ಮಾತಿನಲ್ಲಿ ‘ಕಟ್ಟಿ, ನಾವು ಬರುತ್ತೇವೆ’ ಎಂದವರೇ ನನಗೆ ಹದಿಮೂರು ತಿಂಗಳು ಕಾಯಿಸಿದ್ದು.

ತೋಟದಮನೆ

ಇಬ್ಬರೂ ಒಪ್ಪಿದರು. ತಮ್ಮ 25 ಕ್ವಿಂಟಲ್‌ನಿಂದ ಶುರು ಮಾಡುತ್ತಾನೆ, ಮೊದಲ ಕೊಬ್ಬರಿ ನಮ್ಮ ಅಟ್ಟದ್ದೇ. ಅದನ್ನು ಬಿಟ್ಟಿ ಎಂದು ಹಿಡಿಯದೆ ಅವತ್ತಿನ ಮಾರುಕಟ್ಟೆ ಬೆಲೆಗೇ ಬರೆಯಬೇಕು ಎಂದು ಹೇಳಿದ್ದೇನೆ, ಪುಸ್ತಕವನ್ನೂ ಕೊಟ್ಟಿದ್ದೇನೆ: ತೂಕ, ತೇವ, ಎಣ್ಣೆ, ಹಿಂಡಿ, ಬಾಕಿ, ಐದು ಅಂಕಣ. ಅಪ್ಪ ಸೋಮವಾರ ಬಾಡಿಗೆಯ ಮಾತಿಗೆ ಹೋಗುತ್ತಾರೆ. ಮೂರು ವರ್ಷಕ್ಕೆ ಶೇ 10 ಎಂಬ ಸಾಲನ್ನು ತಾವೇ ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಮೊದಲ ನೂರು ಕ್ವಿಂಟಲ್ ಆದ ಮೇಲೆ ಆ ಪುಸ್ತಕದ ಅಂಕಿಗಳನ್ನು ಇಲ್ಲಿಯೇ ಹಾಕುತ್ತೇನೆ. ಅರಸೀಕೆರೆಯವರೇ, ತೇವ ಅಳೆಯುವ ಉಪಕರಣ ಕೊಳ್ಳಲೇಬೇಕೇ, ಅಥವಾ ಮುರಿದು ನೋಡಿದರೆ ಗೊತ್ತಾಗುತ್ತದೆಯೇ?

ಎಣ್ಣೆ ಗಿರಣಿ

ಮೊದಲ ಹಂಗಾಮಿಗೆ ಕೊಳ್ಳಿ. ಮುರಿದಾಗ ಬರುವ ಸದ್ದು ಕಿವಿಗೆ ಗುರುತಾಗಲು ಒಂದು ವರ್ಷ ಬೇಕು.